ಮೈ ಬುಡು, ಬುಡ್ತೀನಿ

ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆಯುತ್ತಿರಲಿಲ್ಲ. ನಂಜನಗೂಡಿನ ನಮ್ಮ ಬೀದಿಯಲ್ಲಿ ಇದು ದೊಡ್ಡ ಮಾತಾಗಿತ್ತು. ಎದುರು ಮನೆಯಲ್ಲಿ ಸೌದೆ ಸೀಳು, ಪಕ್ಕದ ಮನೆಯಲ್ಲಿ ಎಕ್ಕಡ, ಹಿಂದಿನ ಮನೆಯಲ್ಲಿ ಕೈಗೆ ಸಿಕ್ಕಿದ್ದು. ಸಂಜೆಯಾದರೆ ಯಾವುದಾದರೊಂದು ಮನೆಯಿಂದ ಮಗು ಅರಚುವ ಸದ್ದು ಬಂದೇ ಬರುತ್ತಿತ್ತು. ನಮ್ಮ ಮನೆಯಿಂದ ಬರುತ್ತಿರಲಿಲ್ಲ. ಕೊಳಾಯಿಯ ಹತ್ತಿರ ಹೆಂಗಸರು ಅವ್ವನಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ:

"ಪುಣ್ಯ ಮಾಡಿದ್ದೀ ಕಣವ್ವ. ಅಷ್ಟು ದೊಡ್ಡ ಪೈಲ್ವಾನ, ಮಕ್ಳ ಮ್ಯಾಲೆ ಒಂದ್ ದಿನ ಕೈ ಎತ್ನಿಲ್ಲ."

"ಊಂ ಕಣಕ್ಕ" ಎಂದಷ್ಟೇ ಹೇಳಿ ಅವ್ವ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದುಬಿಡುತ್ತಿದ್ದಳು.

ಮಟ್ಟಿ ಮುಟ್ಟಿದ ಕೈ ಹೊಡೆಯಬಾರದು ಎಂಬುದು ಅಪ್ಪನ ಗರಡಿಯ ಕಟ್ಟಳೆ. ಮಟ್ಟಿ ಎಂದರೆ ಗರಡಿಯ ಅಂಕಣದ ಕೆಮ್ಮಣ್ಣು. ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ಹದ ಮಾಡಿದ್ದು. ಆ ಮಣ್ಣು ಹಣೆಗಿಟ್ಟುಕೊಂಡವನು ಹಿಡಿಯಬೇಕು, ಕೆಡವಬೇಕು, ಎದುರಾಳಿಯ ಬೆನ್ನು ಮಣ್ಣಿಗೆ ಮುಟ್ಟಿದ ಕೂಡಲೇ ಬಿಟ್ಟು ಎದ್ದು ಬರಬೇಕು. ಗುದ್ದುವುದು, ಒದೆಯುವುದು ಬೀದಿಯವರ ಕೆಲಸ. ಅಪ್ಪ ಈ ಕಟ್ಟಳೆಯನ್ನು ಮನೆಯೊಳಕ್ಕೂ ತಂದಿದ್ದ. ನಾನು ತಪ್ಪು ಮಾಡಿದರೆ ಹೊಡೆಯುತ್ತಿರಲಿಲ್ಲ, ಹಿಡಿಯುತ್ತಿದ್ದ. ಬೋರಲು ಕೆಡವಿ, ಬೆನ್ನಿನ ಮೇಲೆ ಎದೆಯಿಟ್ಟು, ಒಂದು ಕಾಲಿನಿಂದ ನನ್ನೆರಡು ಕಾಲನ್ನೂ ಸುತ್ತಿ, ಕತ್ತಿನ ಕೆಳಗೆ ಕೈ ತೂರಿಸಿ ಸುಮ್ಮನಾಗಿಬಿಡುತ್ತಿದ್ದ. ನೋವಿರಲಿಲ್ಲ. ಬೈಗುಳವೂ ಇರಲಿಲ್ಲ. ಕಿವಿಯ ಹತ್ತಿರ ಅವನ ಉಸಿರು, ಬೀಡಿ ಮತ್ತು ಅಕ್ಕಿ ತೌಡಿನ ವಾಸನೆ, ಮತ್ತು ಒಂದೇ ಮಾತು:

"ಮೈ ಬುಡು, ಬುಡ್ತೀನಿ."

ತಪ್ಪಾಯ್ತು ಎಂದರೆ ಬಿಡುತ್ತಿರಲಿಲ್ಲ. ಅತ್ತರೂ ಬಿಡುತ್ತಿರಲಿಲ್ಲ. ಬಾಯಿ ಸುಳ್ಳು ಹೇಳುತ್ತದೆ, ಮೈ ಹೇಳುವುದಿಲ್ಲ ಎಂದು ಅವನ ನಂಬಿಕೆ. ನನ್ನ ಮೈ ಬಿಗಿತ ಕಳೆದುಕೊಂಡು ಒದ್ದೆ ಬಟ್ಟೆಯ ಹಾಗೆ ಆಗುವ ತನಕ ಹಾಗೇ ಇರುತ್ತಿದ್ದ. ಆದ ಕೂಡಲೇ ಬಿಡುತ್ತಿದ್ದ. ಕೊಟ್ಟ ಮಾತಿಗೆ ಒಂದು ಗಳಿಗೆಯೂ ತಪ್ಪಿದವನಲ್ಲ. ಆದರೆ ನಾನು ಹುಟ್ಟಾ ಬಿಗಿ. ಒಲೆಯ ಮೇಲಿನ ಮುದ್ದೆ ಆರಿ ಕಲ್ಲಾಗುತ್ತಿತ್ತು, ಹಿತ್ತಲಲ್ಲಿ ಹಸು ಕೂಗಿ ಕೂಗಿ ಸುಮ್ಮನಾಗುತ್ತಿತ್ತು, ನಾನು ಅಪ್ಪನ ಕೆಳಗೆ ನೆಲದ ಗಾರೆಯ ಬಿರುಕು ನೋಡುತ್ತಾ ಮಲಗಿರುತ್ತಿದ್ದೆ. ಎದುರು ಮನೆಯ ಹುಡುಗ ಏಟು ತಿಂದು, ಅತ್ತು, ಮೂಗು ಒರೆಸಿಕೊಂಡು ಅಷ್ಟು ಹೊತ್ತಿಗೆ ಬೀದಿಗೆ ಆಡಲು ಬಂದಿರುತ್ತಿದ್ದ. ಅವನ ಸದ್ದು ಕೇಳುತ್ತಿತ್ತು. ಏಟಿಗೆ ಒಂದು ಕೊನೆಯಿದೆ ಎಂದು ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಮನೆ ಎಂದರೆ ಒಂದು ನಡುಮನೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಹಸು ಕಟ್ಟುವ ಸೋಗೆ ಕೊಟ್ಟಿಗೆ. ನಡುಮನೆಯ ಗೋಡೆಯಲ್ಲಿ ಸೊಂಟದೆತ್ತರದ ಒಂದು ಬಾಗಿಲಿತ್ತು. ಅದರಾಚೆ ಗರಡಿ. ತಾತ ಕಟ್ಟಿಸಿದ್ದು, ಎಂಥ ಪೈಲ್ವಾನನಾದರೂ ಬಗ್ಗಿಯೇ ಒಳಗೆ ಬರಬೇಕೆಂದು ಬಾಗಿಲನ್ನು ಅಷ್ಟು ಗಿಡ್ಡ ಇಡಿಸಿದ್ದನಂತೆ. ಒಳಗೆ ಗೋಡೆಗೆ ಆಂಜನೇಯನ ಪಟ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ನಡುವೆ ಮಟ್ಟಿ. ದಿನಾ ಸಂಜೆ ಅಪ್ಪ ಮಟ್ಟಿಯನ್ನು ಕೆದಕಿ, ನೀರು ಚಿಮುಕಿಸಿ, ಹಲಗೆಯಿಂದ ಸಮ ಮಾಡುತ್ತಿದ್ದ. ಒಂದು ಹೆಜ್ಜೆ ಗುರುತೂ ಉಳಿಯುವ ಹಾಗಿರಲಿಲ್ಲ. ಹೆಂಗಸರ ಕಾಲು ಅಲ್ಲಿ ಬೀಳಬಾರದು. ನನ್ನ ಅಕ್ಕ ರತ್ನ ಹಾಲಿನ ಚೊಂಬನ್ನು ಆ ಬಾಗಿಲ ತನಕ ತಂದು, ಹೊಸಿಲ ಮೇಲಿಟ್ಟು, ಹಿಂದಕ್ಕೆ ಸರಿದು ನಿಲ್ಲುತ್ತಿದ್ದಳು. ನಾನು ಕುಡಿದು ಚೊಂಬನ್ನು ವಾಪಸು ಹೊಸಿಲ ಮೇಲಿಡುತ್ತಿದ್ದೆ.

ಆ ಹಾಲಿನ ಕಥೆ ಹೇಳಲೇಬೇಕು. ನಮ್ಮಲ್ಲಿ ಒಂದೇ ಹಸು ಇತ್ತು. ಅದರ ಹಾಲೆಲ್ಲ ನನಗೆ. ಬಾದಾಮಿ, ಗಸಗಸೆ ನೆನೆಹಾಕಿ ಅಕ್ಕ ಬೆಳಿಗ್ಗೆ ಎದ್ದು ಒರಳಿನಲ್ಲಿ ರುಬ್ಬಬೇಕು, ಹಾಲಿಗೆ ಬೆರೆಸಬೇಕು. ಹಸುವಿಗೆ ಹುಲ್ಲು ಕುಯ್ಯುವವಳೂ ಅವಳೇ. ರುಬ್ಬುಗುಂಡಿಗೆ ಮೆತ್ತಿದ್ದನ್ನು ಬೆರಳಲ್ಲಿ ಬಳಿದು ನೆಕ್ಕಿದರೆ ಅದು ಅವಳ ಪಾಲು. ಅಪ್ಪ, ಅವ್ವ, ಅಕ್ಕ ಮುದ್ದೆಗೆ ಹುರುಳಿಕಟ್ಟಿನ ಸಾರು ಹಾಕಿಕೊಂಡು ಉಂಡರೆ ನನ್ನ ತಟ್ಟೆಯಲ್ಲಿ ಮೊಟ್ಟೆ ಇರುತ್ತಿತ್ತು. ಅವ್ವ ಈ ವಿಷಯಕ್ಕೆ ಮಾತ್ರ ಜಗಳ ತೆಗೆಯುತ್ತಿದ್ದಳು.

"ಎಣ್ ಮಗೂಗೂ ಒಂದ್ ಲೋಟ ಆಲು ಕೊಟ್ರೆ ನಿಮ್ ಗರಡಿ ಬಿದ್ದೋಯ್ತದಾ?"

"ಎರಡ್ ಮೈಗೆ ಅಂಚುದ್ರೆ ಎರಡೂ ಅರೆಮೈ ಆಯ್ತವೆ ಕಣೆ. ಒಂದಾದ್ರೂ ಪೂರ್ತಿ ಆಗ್ಲಿ."

"ಅಂಗಾರೆ ನನ್ ಮಗ್ಳು ಗಾಳಿ ಕುಡ್ಕೊಂಡ್ ಬೆಳೀಲಾ?"

"ನಿನ್ ಮಗ್ಳು ಪೈಲ್ವಾನ್ಳಾಗ್ಬೇಕಾ?"

ಇಲ್ಲಿಗೆ ಜಗಳ ನಿಲ್ಲುತ್ತಿತ್ತು. ಅಕ್ಕ ಮಾತ್ರ ತಟ್ಟೆಯಿಂದ ತಲೆಯೆತ್ತದೆ ನನ್ನ ತೊಡೆಯನ್ನು ಚಿವುಟಿ ಮೆಲ್ಲಗೆ ಹೇಳುವಳು: "ನಿನ್ ಮೈಯಲ್ಲಿ ನನ್ ಪಾಲೂ ಅದೆ ಕಣೋ ಮಾದೇವ. ಉಶಾರಾಗಿ ಮಡಿಕ್ಕೊ." ತಮಾಷೆಗೆ ಹೇಳಿದ ಮಾತು. ಆದರೆ ನನಗೆ ಅದು ಅಪ್ಪನ ಹಿಡಿತಕ್ಕಿಂತ ಭಾರವಾಗಿ ಕೂತುಬಿಟ್ಟಿತು. ಕನ್ನಡಿಯ ಮುಂದೆ ತೋಳು ಮಡಿಸಿದರೆ, ಇದರಲ್ಲಿ ಎಷ್ಟು ನನ್ನದು, ಎಷ್ಟು ಅವಳ ಹುಲ್ಲುಹೊರೆ ಎಂದು ಯೋಚನೆ ಬರುತ್ತಿತ್ತು.

ಇದೆಲ್ಲ ಯಾಕೆಂದರೆ ಅಪ್ಪ ಒಮ್ಮೆ ಸೋತಿದ್ದ. ನಾನು ಹುಟ್ಟುವ ಮೊದಲು, ಮೈಸೂರಿನಲ್ಲಿ, ದೊಡ್ಡ ಜನದ ಮುಂದೆ ಅವನ ಬೆನ್ನು ಮಣ್ಣು ಮುಟ್ಟಿತ್ತು. ಅವತ್ತಿನಿಂದ ಬೆಳಿಗ್ಗೆ ಲಂಗೋಟಿ ಕಟ್ಟುವುದನ್ನು ಬಿಟ್ಟಿರಲಿಲ್ಲ, ಆದರೆ ಯಾರೊಡನೆಯೂ ಜೋಡಿ ಕಟ್ಟಿರಲಿಲ್ಲ. ಕುಸ್ತಿಗೆ ಮುಂಚೆ ಹಿರಿಯರು ಇಬ್ಬರ ಕೈ ಹಿಡಿಸಿ, ಮೈಕಟ್ಟು ನೋಡಿ, ಇವನಿಗೆ ಇವನು ಸರಿ ಎಂದು ಒಪ್ಪಿಸುವುದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತುಕೊಂಡು, ಮಗ ಬೆಳೆಯುವುದನ್ನೇ ಕಾಯುತ್ತಿದ್ದ. ಬೆಳಿಗ್ಗೆ ಸಾಮು ಮಾಡಿದ ಮೈಗೆ ಸ್ಕೂಲಿನ ಬೆಂಚಿನ ಮೇಲೆ ನಿದ್ದೆ ಎಳೆಯುತ್ತಿತ್ತು. ಏಳನೇ ಕ್ಲಾಸಿಗೆ ಚೀಲ ಮೂಲೆಗೆ ಬಿತ್ತು. ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಇವತ್ತು ನಂಜನಗೂಡು, ನರಸೀಪುರ ಎರಡು ಕಡೆಯೂ ನಾನು ಮಾಡಿದ ಗೇಟುಗಳಿವೆ; ಒಂದಾದರೂ ಜೋಲು ಬಿದ್ದಿದ್ದರೆ ಯಾರು ಬೇಕಾದರೂ ಬಂದು ಹೇಳಲಿ. ಈ ಪುಟಗಳನ್ನೂ ನಾನೇ ಬರೆಯುತ್ತಿದ್ದೇನೆ, ಯಾರ ಕೈಲೂ ಬರೆಸುತ್ತಿಲ್ಲ.

ವೆಲ್ಡಿಂಗ್ ಕಲಿತದ್ದು ನರಸೀಪುರದಲ್ಲಿ. ಚಿಕ್ಕವ್ವನ ಗಂಡ ಅಲ್ಲಿ ಗ್ರಿಲ್ ಅಂಗಡಿ ಇಟ್ಟಿದ್ದರು. ಅಪ್ಪನಿಗೆ ಮೂಟೆ ಹೊತ್ತು ಮಂಡಿ ಹಿಡಿದುಕೊಂಡ ಮೇಲೆ ಮನೆಗೆ ಇನ್ನೊಂದು ಕೈ ಬೇಕಾಯಿತು. ಸೋಮವಾರ ಮೊದಲ ಬಸ್ಸಿಗೆ ಹೋಗುವುದು, ಶನಿವಾರ ಸಂಜೆ ಬರುವುದು, ಭಾನುವಾರ ಪೂರ್ತಿ ಗರಡಿ ಎಂದು ಅವ್ವನೇ ಒಪ್ಪಿಸಿದಳು. ಹೋಗುವಾಗ ಅಪ್ಪ ಹೇಳಿದ್ದು ಇಷ್ಟೇ: "ಅಲ್ಲೂ ಬಸ್ಕಿ, ದಂಡ ಬುಡ್ಬ್ಯಾಡ. ನದೀಲಿ ಈಜು. ಪರರ ಮಣ್ಣು ಮುಟ್ಬ್ಯಾಡ."

ಮಣ್ಣು ಮುಟ್ಟಲಿಲ್ಲ. ಚಿಕ್ಕಪ್ಪನ ಅಂಗಡಿಯ ಹಿಂದೆ ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಅದರ ಮುಂದೆ ಭತ್ತ ಒಣಗಿಸುವ ಸಿಮೆಂಟು ಕಣ. ಸಂಜೆ ಅಲ್ಲಿ ಬಿಳಿ ಬಟ್ಟೆ ಹಾಕಿಕೊಂಡ ಹುಡುಗರು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾ ಕೂಗುತ್ತಿದ್ದರು. ಕೇಬಲ್ ಟಿವಿ ಬಂದ ಹೊಸತು. ಊರಿನ ಹುಡುಗರಿಗೆಲ್ಲ ಕರಾಟೆ ಹುಚ್ಚು. ಕಲಿಸುವವರು ಟೈಲರ್ ಕೆಂಪರಾಜು ಮಾಸ್ಟ್ರು. ಆ ಬಿಳಿ ಬಟ್ಟೆಗಳನ್ನೆಲ್ಲ ಅವರೇ ಹೊಲಿದದ್ದು. ನಾನು ಗ್ರಿಲ್ಲಿಗೆ ಬಣ್ಣ ಹೊಡೆಯುತ್ತಾ ದಿನಾ ನೋಡುತ್ತಿದ್ದೆ. ಒಂದು ದಿನ ಅವರೇ ಬೇಲಿಯ ಹತ್ತಿರ ಬಂದರು.

"ಗರಡಿಯೋನಲ್ವೇನೋ ನೀನು? ಕತ್ತು ನೋಡುದ್ರೆ ಗೊತ್ತಾಯ್ತದೆ. ತಲೆ, ಭುಜ ಎರಡೂ ಒಂದೇ ಪೀಸು."

"ಊಂ ಸಾ."

"ಬಾ ಇಲ್ಲಿ. ನನ್ನ ಹಿಡ್ಕೊ ನೋಡಣ."

ಬೇಲಿ ದಾಟಿದೆ. ಮಾಸ್ಟ್ರು ಗುದ್ದು ತೋರಿಸುವಷ್ಟರಲ್ಲಿ ನಾನು ಬಗ್ಗಿ, ಸೊಂಟ ಹಿಡಿದು, ಎತ್ತಿ ಹಾಕಿದೆ. ಅವರ ಅಂಗಿಯ ತೋಳು ಪರ್ರೆಂದು ಕಿತ್ತು ಬಂತು. ಹುಡುಗರೆಲ್ಲ ಉಸಿರು ಹಿಡಿದುಕೊಂಡು ನಿಂತರು. ಮಾಸ್ಟ್ರು ಮಲಗಿದಲ್ಲಿಂದಲೇ ನಕ್ಕರು.

"ಓಗ್ಲಿ ಬುಡು, ವಲಿಗೆ ನಂದೇ. ಮತ್ತೆ ವಲ್ಕೊತೀನಿ. ನೋಡ್ರಲಾ, ಹಿಡ್ಕೊಂಡ್ರೆ ನಾವು ಅಷ್ಟೇಯ. ಲೇ ಗರಡಿಯೋನೆ, ನನ್ ಐಕ್ಳಿಗೆ ಹಿಡಿಯದ್ ಕಲ್ಸು. ನಿಂಗೆ ಗುದ್ದದು ನಾನ್ ಕಲಿಸ್ತೀನಿ."

ಹೀಗೆ ಶುರುವಾಯಿತು. ಸಂಜೆ ಮೊದಲು ನನಗೆ ಪಾಠ, ಆಮೇಲೆ ನನ್ನಿಂದ ಪಾಠ. ಅವರ ಹುಡುಗರಿಗೆ ಕತ್ತಿಗೆ ಕೈ ಹಾಕಿದರೆ ಸಾಕು, ನೀರಿಗೆ ಬಿದ್ದವರ ಹಾಗೆ ಕೈಕಾಲು ಬಡಿಯುತ್ತಿದ್ದರು. ನನಗೆ ಉಲ್ಟಾ ಕಷ್ಟ: ದೂರ ನಿಲ್ಲಲು ಬರುತ್ತಿರಲಿಲ್ಲ. ಎದುರಿಗೆ ಮನುಷ್ಯ ಕಂಡರೆ ಮೈ ತಾನಾಗಿ ಮುಂದೆ ಹೋಗಿ ಅಂಟಿಕೊಳ್ಳುತ್ತಿತ್ತು, ಮೂಗಿಗೆ ಗುದ್ದು ಬೀಳುತ್ತಿತ್ತು. "ಗುದ್ದು ಬಾಗ್ಲು ತಟ್ಟಕ್ಕೆ, ಪಟ್ಟು ಒಳಕ್ಕೋಗಕ್ಕೆ. ತಟ್ಟದೇ ನುಗ್ತೀಯಲ್ಲೋ, ನಿಮ್ಮಪ್ಪನ್ ಮನೇನಾ?" ಎಂದು ಮಾಸ್ಟ್ರು ಬೈಯುವರು. ಕಾಲು ಹಗುರ ಇಡುವುದು, ಅಂಗೈಯಗಲ ಜಾಗ ಉಳಿಸಿಕೊಂಡು ಸುತ್ತುವುದು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ಗುದ್ದು ಮಾತ್ರ ಮೊದಲ ದಿನವೇ ಮನಸ್ಸಿಗೆ ಹಿಡಿಸಿತು. ಅದು ಹೋಗುತ್ತದೆ, ಮುಟ್ಟುತ್ತದೆ, ವಾಪಸು ಬರುತ್ತದೆ. ಕೈ ಮತ್ತೆ ನನ್ನದಾಗುತ್ತದೆ. ಹಿಡಿತದಲ್ಲಿ ಆ ಸುಖವಿಲ್ಲ. ಸಿಕ್ಕಿಬಿದ್ದವನು ಬಿಡಿಸಿಕೊಳ್ಳುವ ತನಕ ಹಿಡಿದವನಿಗೂ ಬೇರೆ ಕೆಲಸವಿಲ್ಲ.

ಅಲ್ಲಿ ನಾನು ಮಾಡಿದ ಒಂದು ಪೆದ್ದುತನ ಇವತ್ತಿಗೂ ನರಸೀಪುರದ ನನ್ನ ಸ್ನೇಹಿತರ ಬಾಯಲ್ಲಿದೆ. ಮಾಸ್ಟ್ರ ಹಿರಿಯ ಶಿಷ್ಯನೊಬ್ಬನ ಜೊತೆ ನನ್ನನ್ನು ಆಡಲು ಬಿಟ್ಟರು. ಗುದ್ದು ತೋರಿಸಿ, ಕಾಲಿಗೆ ಕಾಲು ಕೊಟ್ಟು, ಅಂಗಾತ ಕೆಡವಿದೆ. ಬೆನ್ನು ನೆಲ ಮುಟ್ಟಿತು. ಮುಗಿಯಿತಲ್ಲ! ನಾನು ಅವನನ್ನು ಬಿಟ್ಟು, ತಿರುಗಿ, ಬಗ್ಗಿ ಸಿಮೆಂಟು ಮುಟ್ಟಿ ಹಣೆಗೆ ಒತ್ತಿಕೊಂಡೆ. ಹಿಂದಿನಿಂದ ಎದ್ದು ಬಂದವನು ಪಕ್ಕೆಗೆ ಒದ್ದ ಒದೆಗೆ ಮುಗ್ಗರಿಸಿ ಬೇಲಿಗೆ ಬಿದ್ದೆ. ಕಣವೆಲ್ಲ ನಗು.

"ಯಾಕೋ ತಿರುಗ್ಕಂಡೆ?"

"ಬೆನ್ನು ಮುಟ್ತಲ್ಲ ಸಾ!"

"ಇಲ್ಲಿ ಬೆನ್ನು ಮುಟ್ಟುದ್ರೆ ಏನೂ ಆಗಕ್ಕಿಲ್ಲ ಕಣೋ. ಬಿದ್ದೋನು ಏಳ್ತಾನೆ."

ಬಿದ್ದವನು ಏಳುತ್ತಾನೆ. ಎಷ್ಟು ಸಣ್ಣ ಮಾತು. ಪಕ್ಕೆ ಹಿಡಿದುಕೊಂಡು ಚಿಕ್ಕವ್ವನ ಮನೆಯ ಜಗಲಿಯಲ್ಲಿ ಕೂತು ಅದನ್ನೇ ಯೋಚಿಸಿದೆ. ನಮ್ಮ ಮನೆಯಲ್ಲಿ ಒಬ್ಬ ಮನುಷ್ಯ ಎಂದೋ ಒಂದು ದಿನ ಬಿದ್ದು, ಇನ್ನೂ ಎದ್ದಿರಲಿಲ್ಲ. ಅವನ ಜೊತೆ ನಾವು ಮೂವರೂ ಮಲಗಿದ್ದೆವು.

ವಾರದ ದಿನಗಳಲ್ಲಿ ನರಸೀಪುರದ ಹುಡುಗ, ಭಾನುವಾರ ನಂಜನಗೂಡಿನ ಮಗ. ಬಸ್ಸು ಊರು ಹತ್ತಿರವಾದಂತೆ ಗೆಣ್ಣುಗಳ ಮೇಲಿನ ಗಡಸು ಚರ್ಮವನ್ನು ಉಗುಳು ಹಚ್ಚಿ ಉಜ್ಜುತ್ತಾ ಬರುತ್ತಿದ್ದೆ. ಅಕ್ಕ ಬೇಗ ಕಂಡುಹಿಡಿದಳು. "ಕಬ್ಬಿಣ ಉಜ್ಜಿದ್ ಕೈ ಇಂಗಾಗಕ್ಕಿಲ್ಲ. ಯಾವ್ ಗೋಡೆಗ್ ಗುದ್ದುದ್ಯೋ?" ಎಂದಳು. ಹೇಳಿದೆ. ಅವಳು ಒಂದು ಗುದ್ದು ತೋರಿಸೆಂದು ಅಡುಗೆಮನೆಯಲ್ಲಿ ಮೊರ ಎತ್ತಿ ಹಿಡಿದಳು. ಹೊಡೆದೆ. ಮೊರ ತೂತಾಯಿತು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕದ್ದು ನಕ್ಕದ್ದೇ. ಅವ್ವ ಆ ಮೊರವನ್ನು ಸುಮ್ಮನೆ ಒಲೆಗೆ ಹಾಕಿದಳು.

ಅಪ್ಪನಿಗೆ ತಿಳಿದದ್ದು ಕೈಯಿಂದ. ಪ್ರತಿ ಭಾನುವಾರ ನನಗೆ ಎಣ್ಣೆ ತಿಕ್ಕುವವನು ಅವನೇ. ಹೋರಿ ಕರು ಕೊಳ್ಳುವವನ ಹಾಗೆ ಮೂಳೆ ಮೂಳೆ ಮುಟ್ಟಿ ನೋಡುವನು. ಆ ಭಾನುವಾರ ಬಲ ಭುಜದ ಮೇಲೆ ಅವನ ಹೆಬ್ಬೆರಳು ನಿಂತುಹೋಯಿತು.

"ಈ ರಟ್ಟೆ ಯಾರ್ದ್ಲಾ?"

"ನಂದೇ ಕಣಪ್ಪ."

"ಮೂಟೆ ಹೊತ್ತ ರಟ್ಟೆ ನಂಗ್ ಗೊತ್ತು. ಗದೆ ತಿರುಗ್ಸಿದ್ ರಟ್ಟೆ ಗೊತ್ತು. ಇದು ಮುಂದಕ್ಕೋಗಿ ಇಂದಕ್ ಬರೋ ರಟ್ಟೆ. ಯಾರ್ ಮನೆ ಸಾಮು ಇದು?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ನನ್ನ ಮೈ ಅವನ ಕೈಯಲ್ಲಿತ್ತು. ಟೈಲರ್ ಮಾಸ್ಟ್ರು, ಕಣ, ಗುದ್ದು, ಒದೆ, ಎಲ್ಲ ಹೇಳಿದೆ. ನನಗೆ ಅದೇ ಇಷ್ಟ, ಅಲ್ಲೇ ಇರುತ್ತೇನೆ ಎಂದೂ ಹೇಳಿದೆ. ಹಿಡಿಯುತ್ತಾನೆಂದು ಮೈ ಬಿಗಿ ಮಾಡಿಕೊಂಡು ಕಾದೆ. ಹಿಡಿಯಲಿಲ್ಲ. ಎಣ್ಣೆ ಕೈಯನ್ನು ತನ್ನ ಮಂಡಿಗೆ ಒರೆಸಿಕೊಂಡ.

"ಎಮ್ಮರಗಾಲದಲ್ಲಿ ಕುಸ್ತಿ ಅದೆ. ಜೋಡಿ ಕಟ್ತೀನಿ. ಎದುರ್ಗಿರೋನ ಬೆನ್ನ ಮಣ್ಗೆ ಮುಟ್ಸು. ಆಮ್ಯಾಕೆ ಗುದ್ದಕ್ಕಾದ್ರೂ ಓಗು, ಒದಿಯಕ್ಕಾದ್ರೂ ಓಗು. ನಾ ಕೇಳದಿಲ್ಲ. ಅಲ್ಲೀಗಂಟ ನರಸೀಪುರ ಇಲ್ಲ."

ಗೆದ್ದರೆ ಬಿಡುಗಡೆ. ನನ್ನ ಎದೆ ಹಗುರಾಯಿತು. ಅಪ್ಪ ಮಾತಿಗೆ ತಪ್ಪುವವನಲ್ಲ.

ಆಮೇಲಿನ ದಿನಗಳಲ್ಲಿ ನಾನು ಗರಡಿಯಿಂದ ಹೊರಗೆ ಬಂದದ್ದು ಹಿತ್ತಲಿಗೆ ಹೋಗಲು ಮಾತ್ರ. ಹಾಸಿಗೆಯನ್ನೂ ಅಲ್ಲಿಗೇ ತರಿಸಿದ. ಹೊಸಿಲ ಮೇಲೆ ಚೊಂಬು ಬರುವುದು, ಖಾಲಿ ಚೊಂಬು ಹೋಗುವುದು. ಗೋಡೆಯಾಚೆ ಅಕ್ಕ ಒರಳು ತಿರುಗಿಸುವ ಸದ್ದು, ಅವ್ವ ಕೆಮ್ಮುವ ಸದ್ದು, ಬೀದಿಯಲ್ಲಿ ಐಸ್‌ಕ್ಯಾಂಡಿ ಗಾಡಿಯ ಗಂಟೆ. ಚಿಕ್ಕಪ್ಪ ಎರಡು ಸಲ ಹೇಳಿಕಳಿಸಿದರು, ಕೆಲಸ ನಿಂತಿದೆ ಎಂದು. ಕಿಂಡಿಯಿಂದ ಬೀಳುವ ಬಿಸಿಲು ಮಟ್ಟಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವುದನ್ನು ನೋಡುವುದೇ ನನ್ನ ಟಿವಿ. ಅಪ್ಪ ಗಿರಣಿಗೆ ಹೋದಾಗ ನಾನು ಆ ಬಿಸಿಲಿನ ಸುತ್ತ ಹಗುರ ಕಾಲಿನಲ್ಲಿ ಸುತ್ತುತ್ತಿದ್ದೆ, ಮಾಸ್ಟ್ರು ಕಲಿಸಿದ ಹಾಗೆ, ಅಂಗೈಯಗಲ ದೂರದಲ್ಲಿ. ಬೇಕೆಂದು ಮಾಡಿದ್ದಲ್ಲ. ಕಾಲು ನಿಲ್ಲುತ್ತಿರಲಿಲ್ಲ.

ಆ ಕಾಲೇ ಹೆಮ್ಮರಗಾಲದಲ್ಲಿ ನನ್ನನ್ನು ಕೆಡಿಸಿತು. ನನಗೆ ಜೋಡಿಯಾಗಿದ್ದವನು ತಾಂಡವಪುರದ ಕಡೆಯ ಹುಡುಗ, ಕುಳ್ಳ, ಬಂಡೆಯಂಥವನು. ಮಣ್ಣು ಹಣೆಗಿಟ್ಟುಕೊಂಡು ಕೈ ಕೊಟ್ಟೆವು. ಅವನು ಕತ್ತಿಗೆ ಕೈ ಹಾಕಲು ಬಂದ. ನಾನು ಅಲ್ಲಿರಲಿಲ್ಲ. ಮತ್ತೆ ಬಂದ, ನಾನು ಪಕ್ಕಕ್ಕೆ ಸರಿದಿದ್ದೆ. ಮುಂದೆ ಹೋಗಿ ಹಿಡಿ ಎಂದು ತಲೆ ಹೇಳುತ್ತಿತ್ತು, ಹಿಡಿಯಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಒಮ್ಮೆ ಅವನ ಕೈ ನನ್ನ ಕತ್ತಿಗೆ ಬಿತ್ತು. ಅಪ್ಪನ ಉಸಿರೇ ಕಿವಿಗೆ ಬಂದ ಹಾಗಾಗಿ ಜಾರಿಕೊಂಡುಬಿಟ್ಟೆ. ನನ್ನ ಮುಷ್ಟಿ ಕಟ್ಟಿಕೊಂಡಿತ್ತು. ಬಿಚ್ಚಿದೆ. ಜನ ಸುಮ್ಮನಿರುತ್ತಾರೆಯೇ?

"ಲೇ, ಕುಸ್ತಿಗ್ ಬಂದಿದ್ದೀಯೋ, ಕೋಲಾಟಕ್ ಬಂದಿದ್ದೀಯೋ?"

"ಹಿಡ್ಕಳ್ಲಾ! ಮುಟ್ಟುದ್ರೆ ಮೈಲ್ಗೆ ಆಗಕ್ಕೆ ಅಂವ ನಿಮ್ಮತ್ತೆ ಅಲ್ಲ!"

"ನಂಜಪ್ಪಣ್ಣ, ನಿನ್ ಮಗಂಗೆ ಗೆಜ್ಜೆ ಕಟ್ಟಣ್ಣೋ!"

ಅಪ್ಪ ಅಖಾಡದ ಅಂಚಿನಲ್ಲಿ ಟವೆಲು ಹಿಡಿದು ಕೂತಿದ್ದ. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕೊನೆಗೆ ಹಿರಿಯರಿಬ್ಬರು ಇಳಿದು ಬಂದು, ಇಬ್ಬರ ಕೈಯನ್ನೂ ಎತ್ತಿ, "ಸಮ" ಎಂದು ಕೂಗಿದರು. ನಾನೂ ಗೆಲ್ಲಲಿಲ್ಲ, ಅವನೂ ಗೆಲ್ಲಲಿಲ್ಲ. ತಾಂಡವಪುರದ ಹುಡುಗ ನಗುತ್ತಾ ನನ್ನ ಬೆನ್ನು ತಟ್ಟಿ ಸೋಡಾ ಕುಡಿಯಲು ಹೋದ. ಅವನಿಗೆ ಅದು ಒಂದು ಮಧ್ಯಾಹ್ನದ ಆಟ. ನಾನು ಮಣ್ಣಿನಲ್ಲೇ ನಿಂತಿದ್ದೆ. ಸೋತಿದ್ದರೆ ಅಪ್ಪ ನನ್ನ ಆಸೆ ಬಿಡುತ್ತಿದ್ದನೋ ಏನೋ. ಗೆದ್ದಿದ್ದರೆ ಮಾತಿನಂತೆ ಬಿಡುತ್ತಿದ್ದ. ಸಮವಾದರೆ ಏನೂ ಮುಗಿಯುವುದಿಲ್ಲ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಾ ಬಂದ. ಮನೆಗೆ ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಮುಖ ಕೂಡ ತೊಳೆಯದೆ ಗಿಡ್ಡ ಬಾಗಿಲಲ್ಲಿ ಬಗ್ಗಿ ಗರಡಿಗೆ ಹೋದ. ನಾನೂ ಹೋದೆ. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂದು ಗೊತ್ತಿತ್ತು.

"ಸೋಲ್ನಿಲ್ವಲ್ಲಪ್ಪ. ನಾಳೆ ನರಸೀಪುರಕ್ ಓಯ್ತೀನಿ."

"ಗೆಲ್ನಿಲ್ವಲ್ಲ."

"ಗೆದ್ರೂ ಸೋತ್ರೂ ಓಯ್ತೀನಿ."

ನನ್ನ ಮಾತು ಮುಗಿಯುವ ಮೊದಲೇ ನಾನು ಮಟ್ಟಿಯ ಮೇಲೆ ಬೋರಲು ಬಿದ್ದಿದ್ದೆ. ಮಂಡಿ ನೋವಿನ ಮನುಷ್ಯ ಅಷ್ಟು ಬೇಗ ಬಂದದ್ದು ನನಗೆ ಕಾಣಲೇ ಇಲ್ಲ. ಬೆನ್ನ ಮೇಲೆ ಎದೆ, ಕಾಲಿಗೆ ಕಾಲು, ಕತ್ತಿನ ಕೆಳಗೆ ಕೈ. ಅದೇ ಬೀಡಿ, ಅದೇ ತೌಡಿನ ವಾಸನೆ.

"ಮೈ ಬುಡು, ಬುಡ್ತೀನಿ."

ನನ್ನ ಬಲ ಮೊಣಕೈ ಹಿಡಿತಕ್ಕೆ ಸಿಕ್ಕಿರಲಿಲ್ಲ. ಹಿಂದಕ್ಕೆ ಒಂದು ಪೆಟ್ಟು, ಅವನ ಪಕ್ಕೆಗೆ; ಮಾಸ್ಟ್ರು ನೂರಾರು ಸಲ ಮಾಡಿಸಿದ್ದು. ಜಾಗವೂ ಸಿಕ್ಕಿತ್ತು. ಆದರೆ ಹೊಡೆದು ಬಿಡಿಸಿಕೊಂಡು ಹೋದರೆ ಆ ಗಿಡ್ಡ ಬಾಗಿಲು ನನಗೆ ಮತ್ತೆ ತೆರೆಯುವುದಿಲ್ಲ. ನಾನು ಇನ್ನೊಂದು ಮಾಡಿದೆ. ಹುಟ್ಟಿದಾರಭ್ಯ ಬೇಕೆಂದು ಎಂದೂ ಮಾಡದಿದ್ದದ್ದು. ಕಣ್ಣು ಮುಚ್ಚಿ, ಕೆನ್ನೆಯನ್ನು ಮಣ್ಣಿಗೆ ಕೊಟ್ಟು, ಮೈ ಬಿಟ್ಟೆ. ಭುಜ ಬಿಟ್ಟೆ, ಸೊಂಟ ಬಿಟ್ಟೆ, ಕಾಲು ಬಿಟ್ಟೆ. ಒದ್ದೆ ಬಟ್ಟೆಯಾದೆ. ಇನ್ನು ಅಪ್ಪ ಬಿಡಲೇಬೇಕು.

ಬಿಡಲಿಲ್ಲ.

"ಬುಟ್ಟಿದ್ದೀನಪ್ಪ."

"ಮೈ ಬುಡು."

"ಬುಟ್ಟೇ ಇದ್ದೀನಿ."

"ಮೈ ಬುಡು, ಮಾದೇವ."

ಬಿಗಿಯಾಗಿದ್ದದ್ದು ಅವನ ಮೈ. ಅದು ಅವನಿಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಚ್ಚಲು ಬರುತ್ತಿರಲಿಲ್ಲವೋ. ಅಷ್ಟು ವರ್ಷದಲ್ಲಿ ಮೊದಲ ಸಲ ಮಾತಿಗೆ ತಪ್ಪಿದ್ದ. ಆಗ ನನಗೆ ನಿಜವಾದ ಭಯವಾಯಿತು. ಬಿಡಿಸಿಕೊಳ್ಳಲು ಇದ್ದ ಒಂದೇ ದಾರಿಯೂ ಮುಚ್ಚಿಹೋಗಿತ್ತು. ಕಿಂಡಿಯ ಬೆಳಕು ಕೆಂಪಾಗುತ್ತಾ ಹೋಯಿತು. ಹಿತ್ತಲಲ್ಲಿ ಹಸು ಕೂಗಿತು. ಹೊಸಿಲ ಮೇಲೆ ಚೊಂಬು ಇಟ್ಟ ಸದ್ದು ಕೇಳಿಸಿತು, ಅಕ್ಕ ಹಿಂದೆ ಸರಿದ ಸದ್ದು ಕೇಳಿಸಲಿಲ್ಲ. ನಿಂತೇ ಇದ್ದಳು. 

ಆಮೇಲೆ ಬಳೆ ಬಾಗಿಲಿಗೆ ತಾಗಿದ ಸದ್ದು. ಬಗ್ಗಿ ಒಳಗೆ ಬಂದಳು. ಅವಳ ಪಾದ ನನ್ನ ಕಣ್ಣ ಮುಂದೆಯೇ ಮಟ್ಟಿಗೆ ಇಳಿಯಿತು: ಒಂದು, ಇನ್ನೊಂದು. ಹುಲ್ಲು ಕುಯ್ದು ಹಿಮ್ಮಡಿ ಒಡೆದ ಪಾದ.

"ಅಪ್ಪ, ಅಂವ ಮೈ ಬುಟ್ಟವ್ನೆ. ಕಣ್ ಕಾಣಕ್ಕಿಲ್ವಾ? ಬುಡು."

"ರತ್ನ, ಆಚೆಗೋಗು. ಇಲ್ಲಿ ಕಾಲಿಡ್ಬ್ಯಾಡ."

"ಇಟ್ಟಾಯ್ತಲ್ಲ."

ಅಪ್ಪ ತಲೆಯೆತ್ತಿ ಅವಳ ಕಾಲನ್ನು ನೋಡಿದ. ತಾತನ ಕಾಲದಿಂದ ಕಾಯ್ದ ಮಣ್ಣು. ಅವಳು ಕದಲಲಿಲ್ಲ. ನನ್ನನ್ನು ಹಿಡಿಯುವುದು ಅವನಿಗೆ ಗೊತ್ತಿತ್ತು. ಮಗಳನ್ನು ಏನು ಮಾಡಬೇಕೆಂದು ಯಾವ ಗರಡಿಯೂ ಕಲಿಸಿರಲಿಲ್ಲ. ಅವನ ಬೆರಳು ಒಂದೊಂದಾಗಿ ನನ್ನ ಕತ್ತಿನ ಕೆಳಗಿನಿಂದ ಬಿಚ್ಚಿಕೊಂಡವು. ಪಕ್ಕಕ್ಕೆ ಉರುಳಿದ. ಅಂಗಾತ. ಅವನ ಬೆನ್ನು ಮಟ್ಟಿಯ ಮೇಲಿತ್ತು. ಮೇಲೆ ಹೆಂಚು ನೋಡುತ್ತಾ ಉಸಿರು ಬಿಡುತ್ತಿದ್ದ. ಅಕ್ಕ ಕೈ ನೀಡಿದಳು. ಅವನು ಆ ಕೈ ಹಿಡಿಯಲಿಲ್ಲ. ಮಂಡಿ ಹಿಡಿದುಕೊಂಡು ತಾನೇ ಎದ್ದ.

ಬೆಳಿಗ್ಗೆ ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು, ಮಣ್ಣು ಮುಟ್ಟಿ ಹೋಗೋಣವೆಂದು ಗಿಡ್ಡ ಬಾಗಿಲಲ್ಲಿ ಬಗ್ಗಿದೆ. ಅಪ್ಪ ಹಿಂದಿನ ಸಂಜೆ ಮಟ್ಟಿ ಕೆದಕಿರಲಿಲ್ಲ. ನೀರು ಹಾಕಿರಲಿಲ್ಲ, ಹಲಗೆ ಎಳೆದಿರಲಿಲ್ಲ. ನಾವಿಬ್ಬರೂ ಹೊರಳಿದ ಗುರುತು ಒಂದು ಕಡೆ. ಅದರ ಪಕ್ಕದಲ್ಲಿ ಎರಡು ಸಣ್ಣ ಪಾದ, ಬೆರಳು ಬೆರಳೂ ಎಣಿಸುವ ಹಾಗೆ. ಅವನ್ನು ತುಳಿಯದೆ ಅಂಚಿನಿಂದ ಒಂದು ಚಿಟಿಕೆ ಮಣ್ಣು ತೆಗೆದು ಹಣೆಗಿಟ್ಟುಕೊಂಡೆ.

ಅಡುಗೆಮನೆಯಲ್ಲಿ ಅಪ್ಪ ತಂಗಳು ಮುದ್ದೆ ಮುರಿದು ಮಜ್ಜಿಗೆಗೆ ಹಾಕಿಕೊಳ್ಳುತ್ತಿದ್ದ. ಅವ್ವ ಒಲೆ ಊದುತ್ತಿದ್ದಳು. ಅಕ್ಕ ಅಪ್ಪನ ಎದುರಿಗೇ, ಒರಳಿನ ಮೇಲೆ ಕೂತು, ನನ್ನ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಹಾಲು ಕುಡಿಯುತ್ತಿದ್ದಳು. ನಿಧಾನವಾಗಿ, ತಳ ಕಾಣುವ ತನಕ. ಅಪ್ಪ ನೋಡಿದ, ಮತ್ತೆ ತಟ್ಟೆಗೆ ಕೈ ಹಾಕಿದ. ಚೊಂಬು ಕೆಳಗಿಟ್ಟು ಅಕ್ಕ ನನ್ನ ಕಡೆ ತಿರುಗಿದಳು. ಮೇಲ್ದುಟಿಯ ಮೇಲೆ ಬಿಳಿ ಗೆರೆ ಹಾಗೇ ಇತ್ತು, ಒರೆಸಿಕೊಂಡಿರಲಿಲ್ಲ.

"ಇನ್ನೇನ್ ನೋಡ್ತಾ ನಿಂತಿದ್ದೀಯ? ಓಗು, ಬಸ್ಸು ತಪ್ಪೋಯ್ತದೆ."